ಅಜ್ಜಿಯ ದನಿಗೊಂದು ಟ್ರ್ಯಾಕ್: ಹಾಸನ ಸೀಮೆಯಲ್ಲಿ ಹಾಡು ಹಿಡಿದವರ ಕತೆ

ಇವತ್ತಿನ ಸಂಚಿಕೆಯನ್ನ ಆದಷ್ಟೂ ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಯಾಕೆ ಅಂತ ಹೋಗ್ತಾ ಹೋಗ್ತಾ ಗೊತ್ತಾಗುತ್ತೆ.

ನನ್ನ ಫೋನಿನಲ್ಲಿ ಎರಡು ನಿಮಿಷ ಹತ್ತು ಸೆಕೆಂಡಿನ ಒಂದು ಫೈಲ್ ಇದೆ. ಹೊಳೆನರಸೀಪುರದ ಒಂದು ಮದುವೆ ಛತ್ರದಲ್ಲಿ ರೆಕಾರ್ಡ್ ಮಾಡಿದ್ದು. ಅರಕಲಗೂಡು ಕಡೆಯ ನಮ್ಮಜ್ಜಿ ಇನ್ನೂ ಮೂವರ ಜೊತೆ ಕೂತು ಸೋಬಾನೆ ಹೇಳ್ತಿದ್ದಾರೆ. ಹಿಂದೆ ವಾಲಗ, ಕುರ್ಚಿ ಎಳೆಯೋ ಸದ್ದು, ಜನರೇಟರ್. ಅಜ್ಜಿ ಈಗಿಲ್ಲ. ಅವರ ದನಿ ಇರೋದು ಅದೊಂದೇ ಫೈಲಿನಲ್ಲಿ. ಹಾಕಿದಾಗಲೆಲ್ಲ ಆ ನಾಲ್ಕು ದನಿಯಲ್ಲಿ ಅಜ್ಜಿಯದು ಯಾವುದು ಅಂತ ಹುಡುಕ್ತೀನಿ. ಸಿಕ್ಕೇಬಿಡ್ತು ಅನ್ನುವಷ್ಟರಲ್ಲಿ ವಾಲಗ ಬಂದು ಮುಚ್ಚಿಬಿಡುತ್ತೆ.

ಅವತ್ತು ನನ್ನ ಹತ್ರ ನಾಲ್ಕು ಮೈಕು, ನಾಲ್ಕು ಟ್ರ್ಯಾಕ್ ಇದ್ದಿದ್ದರೆ ಅಜ್ಜಿಯ ದನಿಯನ್ನ ಹೆಚ್ಚುಕಮ್ಮಿ ಬೇರೆಯಾಗಿ ಕೇಳಬಹುದಿತ್ತು. ಇವತ್ತಿನ ಕತೆ ಆ ಟ್ರ್ಯಾಕ್‌ಗಳದ್ದು. ಹೊಲದಲ್ಲಿ, ಗುಡಿ ಮುಂದೆ, ಮದುವೆ ಮನೆಯಲ್ಲಿ ಎಷ್ಟು ದನಿಗೆ ಜಾಗ ಸಿಕ್ಕಿತು, ಯಾರ ದನಿ ಹೊರಗೇ ಉಳಿಯಿತು ಅನ್ನೋ ಕತೆ.

ನಮ್ಮ ಜಿಲ್ಲೆಯಲ್ಲಿ ಹಳ್ಳಿ ಹಾಡು ಹಿಡಿಯೋಕೆ ಇದ್ದ ಮೊದಲ ಉಪಕರಣ ಲೇಖನಿ. ಹೇಮಾವತಿ ದಡದ ಗೊರೂರಿನವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ತಮ್ಮ ಸುತ್ತಿನ ಜನರ ಹಾಡುಗಳನ್ನು ಬರೆದುಕೊಂಡು ‘ಹಳ್ಳಿಯ ಹಾಡುಗಳು’ ಅನ್ನೋ ಸಂಗ್ರಹ ತಂದರು. ಸಕಲೇಶಪುರದ ಎಸ್.ಕೆ. ಕರೀಂಖಾನ್ ಊರೂರು ಸುತ್ತಿ ಹಾಡು ಕೂಡಿಹಾಕಿದರು. ಜನ ಅವರನ್ನು ‘ಜಾನಪದ ಜಂಗಮ’ ಅಂತಲೇ ಕರೆದರು. ಭಾಷಣದ ನಡುವೆ ತಾವೇ ಹಾಡಿ ತೋರಿಸೋರು. ಯಾಕಂದ್ರೆ ಪುಸ್ತಕದಲ್ಲಿ ಪದ ಉಳಿಯುತ್ತೆ, ಮಟ್ಟು ಉಳಿಯಲ್ಲ. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನ ಉಳಿದವರು ಎಲ್ಲಿ ಹಿಡೀತಾರೆ, ಎಲ್ಲಿ ಉಸಿರು ತಗೋತಾರೆ, ಇದನ್ನ ಅಕ್ಷರದಲ್ಲಿ ಬರೆಯೋದು ಕಷ್ಟ.

ದನಿಯನ್ನೇ ಹಿಡಿಯೋ ಯಂತ್ರ ಅಷ್ಟು ಹೊತ್ತಿಗೆ ಭಾರತಕ್ಕೆ ಬಂದಾಗಿತ್ತು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತದಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿದರು. ಅದೇ ಗೌಹರ್ ಜಾನ್ ಕೊನೆಗಾಲಕ್ಕೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಆಗಿನ ರೆಕಾರ್ಡಿಂಗಿಗೆ ಮೈಕೂ ಇರಲಿಲ್ಲ, ಕರೆಂಟೂ ಬೇಕಿರಲಿಲ್ಲ. ಒಂದು ದೊಡ್ಡ ಕಹಳೆ, ಅದರ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಮೂರು ನಿಮಿಷದ ಆಸುಪಾಸಿಗೆ ತಟ್ಟೆ ಮುಗಿಯೋದು. ಕಹಳೆ ಹತ್ತಿರ ನಿಂತವರ ದನಿ ದೊಡ್ಡದು, ಹಿಂದೆ ನಿಂತವರದ್ದು ಸಣ್ಣದು. ಆಮೇಲೆ ಸರಿಮಾಡೋಕೆ ದಾರಿಯೇ ಇಲ್ಲ. ಯಾರು ಎಲ್ಲಿ ನಿಲ್ಲಬೇಕು ಅನ್ನೋದೇ ಅವತ್ತಿನ ಮಿಕ್ಸಿಂಗ್.

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಅನ್ನೋ ಹೆಸರು ನಿಂತದ್ದು ಅಲ್ಲಿಂದ. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದಲ್ಲಿರೋ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲೇ ದಶಕಗಳ ಕಾಲ ಕೆಲಸ ಮಾಡಿದರು. ಅವರ ದನಿ ಮನೆಮನೆಗೆ ಮುಟ್ಟಿತು. ರೇಡಿಯೊ ಜನಪದ ಹಾಡಿಗೂ ಜಾಗ ಕೊಟ್ಟಿತು, ನಿಜ. ಆದರೆ ಬಹುಮಟ್ಟಿಗೆ ಹಾಡೋರು ಸ್ಟುಡಿಯೊಗೆ ಹೋಗಬೇಕಿತ್ತು. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕ್ತಾ ಹಾಡೋ ಹೆಂಗಸು ಸ್ಟುಡಿಯೊದ ಕುರ್ಚಿ ಮೇಲೆ ಕೂತರೆ ಆ ಹಾಡು ಅದೇ ಹಾಡಾಗಿ ಉಳಿಯುತ್ತಾ?

ಹಾಗಾದರೆ ಯಂತ್ರವೇ ಊರಿಗೆ ಬರಬೇಕು. ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ಧ್ವನಿಯಂತ್ರ ಮತ್ತು ಫಿಲಂ ಕ್ಯಾಮೆರಾ ಹೊತ್ತು ದಕ್ಷಿಣ ಭಾರತ ಸುತ್ತಿದರು. ಕರ್ನಾಟಕ, ಕೇರಳ, ತಮಿಳುನಾಡಿನ ಹಾಡು, ಕುಣಿತ, ಆಚರಣೆಗಳನ್ನು ದಾಖಲಿಸಿದರು. ಈ ಕತೆಯ ಮುಖ್ಯ ಭಾಗ ನಡೆದದ್ದು 46 ವರ್ಷದ ನಂತರ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಹಳೇ ದಾಖಲೆಗಳನ್ನ ಹಿಡಿದು ಬಾಕೆ ಹೋಗಿದ್ದ ಜಾಗಗಳಿಗೇ ವಾಪಸ್ ಹೋದರು. ಅಲ್ಲಿನ ಜನಕ್ಕೆ ತೋರಿಸಿದರು, ಏನು ಉಳಿದಿದೆ ಏನು ಬದಲಾಗಿದೆ ಅಂತ ಕೇಳಿದರು. ರೆಕಾರ್ಡ್ ಮಾಡಿದ್ದನ್ನ ಹಾಡಿದವರ ಊರಿಗೇ ತಿರುಗಿ ಒಯ್ಯಬೇಕು ಅನ್ನೋ ಪಾಠ ಅದು. ಇದನ್ನ ಜ್ಞಾಪಕದಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಆಮೇಲೆ ಬಂದದ್ದು ಟೇಪ್. ಪೋಲೆಂಡ್ ಮೂಲದ ಸ್ಟೆಫಾನ್ ಕುಡೆಲ್ಸ್‌ಕಿ 1951ರಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ‘ನಾಗ್ರಾ’ ಅನ್ನೋ ಹೊತ್ತೊಯ್ಯೋ ರೆಕಾರ್ಡರ್ ಮಾಡಿದರು. ಪೋಲಿಷ್ ಭಾಷೆಯಲ್ಲಿ ಆ ಪದಕ್ಕೆ ‘ಮುದ್ರಿಸುತ್ತದೆ’ ಅಂತ ಅರ್ಥ. ಪಕ್ಕದ ಮಂಡ್ಯ ಜಿಲ್ಲೆಯ ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಹಳ್ಳಿ ಸುತ್ತಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ಆಮೇಲೆ ರಾಮನಗರದ ಹತ್ತಿರ ಜಾನಪದ ಲೋಕ ಮಾಡಿದರು. ಆಗಿನ ಕಷ್ಟ ಒಂದು ಲೆಕ್ಕದಲ್ಲಿ ಹೇಳ್ತೀನಿ. ಐದು ಇಂಚಿನ ಸುರುಳಿಯಲ್ಲಿ 600 ಅಡಿ ಟೇಪ್. ಸೆಕೆಂಡಿಗೆ ಏಳೂವರೆ ಇಂಚು ಓಡಿದರೆ 16 ನಿಮಿಷಕ್ಕೆ ಖಾಲಿ. ಚನ್ನರಾಯಪಟ್ಟಣದ ಕಡೆ ಮೂಡಲಪಾಯ ಬಯಲಾಟ ಅಂದ್ರೆ ರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೆ. ಏಳು ಗಂಟೆ ಆಟಕ್ಕೆ 27 ಸುರುಳಿ ಬೇಕು. ಸುರುಳಿ ಬದಲಾಯಿಸೋವಾಗ ಭಾಗವತರು ನಿಮಗೋಸ್ಕರ ಕಾಯ್ತಾ ನಿಲ್ಲಲ್ಲ.

ಇದೇ ಕಾಲದಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು, ಜನ ಬೇರೆ ಕಡೆ ಹೋದರು. ಶೆಟ್ಟಿಹಳ್ಳಿಯ ಚರ್ಚಿನ ಗೋಡೆಗಳು ಇವತ್ತೂ ನೀರಿನಲ್ಲಿ ನಿಂತಿವೆ. ನಾವೆಲ್ಲ ಹೋಗಿ ಸೆಲ್ಫಿ ತಗೊಂಡು ಬರ್ತೀವಿ. ಗೋಡೆಯ ಫೋಟೊ ಯಾವಾಗ ಬೇಕಾದರೂ ತೆಗೀಬಹುದು. ಆ ಬೀದಿಗಳಲ್ಲಿ ಸಂಜೆ ಕೇಳ್ತಿದ್ದ ಸದ್ದನ್ನ ಮಾತ್ರ ಈಗ ಹೋಗಿ ಹಿಡಿಯೋಕೆ ಆಗಲ್ಲ.

ಇನ್ನು ಮಲ್ಟಿಟ್ರ್ಯಾಕ್. ಅಂದ್ರೆ ಎಲ್ಲ ದನಿಯನ್ನ ಒಂದೇ ಪಾತ್ರೆಗೆ ಸುರಿಯೋ ಬದಲು ಒಬ್ಬೊಬ್ಬರಿಗೆ ಒಂದೊಂದು ಲೋಟ. 1957ರಲ್ಲಿ ಆಂಪೆಕ್ಸ್ ಕಂಪನಿ ಗಿಟಾರ್ ವಾದಕ ಲೆಸ್ ಪಾಲ್‌ಗೆ ಎಂಟು ಟ್ರ್ಯಾಕಿನ ಯಂತ್ರ ಕೊಟ್ಟಿತು. ಅದು ಬೀರುವಿನಷ್ಟು ದೊಡ್ಡದು, ಸ್ಟುಡಿಯೊ ಬಿಟ್ಟು ಕದಲೋದಲ್ಲ. 1974ರಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ‘ಕ್ಯಾಲಿಫೋರ್ನಿಯಾ ಸ್ಪ್ಲಿಟ್’ ಚಿತ್ರಕ್ಕೆ ಶೂಟಿಂಗ್ ಜಾಗದಲ್ಲೇ ಎಂಟು ಟ್ರ್ಯಾಕ್ ಬಳಸಿದರು. ಅವರ ಪಾತ್ರಗಳು ನಮ್ಮ ಜಗುಲಿಯ ಹರಟೆಯ ಹಾಗೆ ಒಟ್ಟೊಟ್ಟಿಗೆ ಮಾತಾಡೋವು. 1979ರಲ್ಲಿ ಟಾಸ್ಕಾಮ್ ಕಂಪನಿ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ತಂದಿತು. 2013ರ ಜೂಮ್ ಎಚ್6 ಆರು ಟ್ರ್ಯಾಕ್ ಹಿಡಿಯುತ್ತೆ, ನಾಲ್ಕು ಪೆನ್ಸಿಲ್ ಸೆಲ್ ಸಾಕು, ಅಂಗೈಯಲ್ಲಿ ಕೂರುತ್ತೆ. ಕನ್ನಡದಲ್ಲಿ ‘ತಿಥಿ’ ಸಿನಿಮಾ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ನಟರನ್ನಾಗಿ ಮಾಡಿ, ಅವರ ಮಾತನ್ನ ಸ್ಥಳದಲ್ಲೇ ಹಿಡಿಯಿತು. ಡಬ್ಬಿಂಗ್ ಮಾಡಿದ್ದರೆ ಆ ಗಡ್ಡಪ್ಪ, ಸೆಂಚುರಿಗೌಡ ನಮಗೆ ಸಿಕ್ತಾನೇ ಇರಲಿಲ್ಲ.

ಸರಿ, ನಿಮ್ಮ ಕೈಗೆ ಅಂಥ ಒಂದು ಯಂತ್ರ ಬಂತು ಅಂತಿಟ್ಟುಕೊಳ್ಳಿ. ಬಾಡಿಗೆಗೂ ಸಿಗುತ್ತೆ. ಬಯಲಾಟಕ್ಕೆ ಎಂಟು ಟ್ರ್ಯಾಕ್ ಹೀಗೆ ಹಂಚಬಹುದು: ಭಾಗವತರಿಗೆ ಒಂದು, ಹಿಮ್ಮೇಳಕ್ಕೆ ಒಂದು, ಮದ್ದಳೆಗೆ ಒಂದು, ಮುಖವೀಣೆಗೆ ಒಂದು, ವೇಷಧಾರಿಗಳಿಗೆ ಎರಡು, ಕೂತ ಜನರ ಸದ್ದಿಗೆ ಎರಡು. ಆ ಕೊನೆಯ ಎರಡನ್ನ ಬಿಡಬೇಡಿ. ಜನ ನಕ್ಕಿದ್ದೂ ಆಟದ ಭಾಗವೇ.

ಸೆಟ್ಟಿಂಗು 48 ಕಿಲೋಹರ್ಟ್ಸ್, 24 ಬಿಟ್. ಹಾಗೆ ಎಂಟು ಟ್ರ್ಯಾಕ್ ಒಂದು ಗಂಟೆ ಓಡಿದರೆ ನಾಲ್ಕು ಜಿಬಿಗಿಂತ ಸ್ವಲ್ಪ ಜಾಸ್ತಿ. ಇಡೀ ರಾತ್ರಿಗೆ 30 ಜಿಬಿ ಹತ್ತಿರ. ಹಾಗಾಗಿ 64 ಜಿಬಿಯ ಕಾರ್ಡ್ ತಗೊಂಡು ಹೋಗಿ. 27 ಸುರುಳಿ ಜಾಗದಲ್ಲಿ ಉಗುರಿನಗಲದ ಒಂದು ಚೂರು!

ಮೀಟರು ಜೋರು ದನಿಗೂ ಮೈನಸ್ 12 ಡೆಸಿಬಲ್ ಸುತ್ತಮುತ್ತ ನಿಲ್ಲಲಿ. ಚನ್ನರಾಯಪಟ್ಟಣದ ಕಡೆಯ ಒಂದು ಹಬ್ಬದಲ್ಲಿ ನಾನು ಬರೀ ಹಾಡಿನ ದನಿ ನೋಡಿ ಗೇನ್ ಇಟ್ಟಿದ್ದೆ. ಕೋಲಾಟದ ಕೋಲು ಬಿದ್ದಿದ್ದೇ ತಡ, ಇಡೀ ಟ್ರ್ಯಾಕ್ ಒಡೆದುಹೋಯ್ತು. ಒಡೆದ ದನಿ ರಿಪೇರಿ ಆಗೋದು ಅಪರೂಪ. 2019ರಿಂದೀಚೆಗೆ 32 ಬಿಟ್ ಫ್ಲೋಟ್ ಅನ್ನೋ ರೆಕಾರ್ಡರ್‌ಗಳು ಬಂದಿವೆ, ಅವು ಈ ತಪ್ಪನ್ನ ಬಹಳ ಮಟ್ಟಿಗೆ ಕ್ಷಮಿಸುತ್ತವೆ. ಆದರೆ ತಪ್ಪು ಜಾಗದಲ್ಲಿ ಇಟ್ಟ ಮೈಕನ್ನ ಯಾವ ಯಂತ್ರವೂ ಕ್ಷಮಿಸಲ್ಲ.

ಹೊಳೆ ದಂಡೆಯಲ್ಲಿ ಗಾಳಿ ಜಾಸ್ತಿ. ಮೈಕಿಗೆ ತುಪ್ಪಳದ ಗವಸು ಹಾಕಿ, ಲೋ ಕಟ್ 80 ಹರ್ಟ್ಸ್‌ಗೆ ಇಡಿ. ಮದ್ದಳೆಯ ಮೈಕಿಗೆ ಮಾತ್ರ ಲೋ ಕಟ್ ಬೇಡ, ಅದರ ತೂಕವೇ ಹೋಗಿಬಿಡುತ್ತೆ. ಶುರುವಿಗೆ ಮುಂಚೆ ಒಂದು ನಿಮಿಷ ಖಾಲಿ ಜಾಗದ ಸದ್ದು ಹಿಡೀರಿ, ಎಡಿಟಿಂಗಿನಲ್ಲಿ ಅದು ತೇಪೆಗೆ ಬರುತ್ತೆ. ಮತ್ತೆ, ಹೆಡ್‌ಫೋನ್ ತೆಗೀಬೇಡಿ. ಮೀಟರು ಕುಣೀತಿದ್ದರೂ ವೈರು ಕರಕರ ಅಂತಿರುತ್ತೆ, ಅದು ಕಿವಿಗೆ ಮಾತ್ರ ಗೊತ್ತಾಗೋದು.

ಇಷ್ಟು ಯಂತ್ರದ ಮಾತಾಯ್ತು. ಹಾಡೋರಿಗೆ ಇದನ್ನ ಎಲ್ಲಿ ಹಾಕ್ತೀರಿ, ಯಾರು ಕೇಳ್ತಾರೆ ಅಂತ ಮೊದಲೇ ಹೇಳಿ. ಬೇಡ ಅಂದ್ರೆ ಬೇಡ. ಮುಗಿದ ಮೇಲೆ ಒಂದು ಕಾಪಿ ಅವರ ಮನೆಯ ಫೋನಿಗೆ ಹಾಕಿಕೊಟ್ಟು ಬನ್ನಿ. ಅದಕ್ಕೂ 46 ವರ್ಷ ಕಾಯಿಸಬೇಡಿ.

ಹೋದ ವರ್ಷ ಅಜ್ಜಿಯ ಜೊತೆ ಹಾಡ್ತಿದ್ದ ಒಬ್ಬರ ಮನೆಗೆ ಅರಕಲಗೂಡು ಕಡೆ ಹೋಗಿದ್ದೆ, ನಾಲ್ಕು ಮೈಕ್ ತಗೊಂಡು. ಹಾಡೋಕೆ ಇಬ್ಬರೇ ಉಳಿದಿದ್ದರು. ಮದುವೆ ಛತ್ರದ ಆ ಹಳೇ ಫೈಲ್ ಕೇಳಿಸಿದೆ. ಅವರು ಕಣ್ಮುಚ್ಚಿ ಕೇಳಿ, ‘ಸೊಲ್ಲು ಎತ್ತೋಳು ನಿಮ್ಮಜ್ಜಿ ಕಣಪ್ಪಾ, ಅಗೋ, ಅದೇ’ ಅಂದರು. ನಾನು ಇಷ್ಟು ವರ್ಷ ಬೇರೆ ಯಾರದ್ದೋ ದನಿಯನ್ನ ಅಜ್ಜಿಯದು ಅಂದುಕೊಂಡಿದ್ದೆ.

ಅದಕ್ಕೇ ಕೊನೆಯ ಮಾತು. ರೆಕಾರ್ಡ್ ಒತ್ತಿದ ಕೂಡಲೇ ಊರು, ತಾರೀಖು, ಯಾವ ಮೈಕಿನಲ್ಲಿ ಯಾರಿದ್ದಾರೆ ಅನ್ನೋದನ್ನ ಜೋರಾಗಿ ಹೇಳಿ. ಹೆಸರನ್ನ ಹಾಡೋರ ಬಾಯಿಂದಲೇ ಹೇಳಿಸಿ. ಇವತ್ತು ಕೈಯಲ್ಲಿ ಫೋನ್ ಒಂದೇ ಇದ್ದರೂ ಪರವಾಗಿಲ್ಲ, ಇಷ್ಟನ್ನ ಅದರಲ್ಲೂ ಮಾಡಬಹುದು. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.