ರಾಮನಗರದ ಮಣಿಸರ ಕಲಿಸಿದ ಪಾಠ

ಇನ್ನಂಜೆಯಿರಲಿ, ಕಾಪುವಿರಲಿ, ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖಿನ ಮೇಲೆ ಪೆನ್ನಿನ ಸಣ್ಣ ಚುಕ್ಕೆ ಇರುತ್ತದೆ. ಅದು ಹಾಲಿನ ಲೆಕ್ಕವಲ್ಲ, ಸೊಸೈಟಿ ಸಾಲದ ಕಂತೂ ಅಲ್ಲ. ಮನೆಯ ಹೆಂಗಸಿನ ಮುಟ್ಟಿನ ಗುರುತು. ಮುನ್ನೆಚ್ಚರಿಕೆಯಿಲ್ಲದೆ ಗಂಡನೊಡನೆ ಸೇರಿದ ಮರುದಿನ ಆಕೆ ಆ ಚುಕ್ಕೆಯಿಂದ ಬೆರಳು ಮಡಚಿ ಎಣಿಸುತ್ತಾಳೆ. ಇಂದು ಎಷ್ಟನೆಯ ದಿನ? ಹೆದರಬೇಕೇ, ಬೇಡವೇ? ಯಾರನ್ನೂ ಕೇಳುವಂತಿಲ್ಲ.

ಈ ಬೆರಳೆಣಿಕೆಗೂ ಒಂದು ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ರಾಜ್ಯದಲ್ಲೇ.

ಮೈಸೂರಿನ ಆದೇಶ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. 1930ರ ಜೂನ್ 11ರಂದು ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಜಗತ್ತಿನಲ್ಲೇ ಇವು ಮೊದಲನೆಯವೆಂದು ಹೇಳುವುದುಂಟು. ಆದರೆ ಉಡುಪಿ, ಕಾರ್ಕಳದ ಹೆಂಗಸರಿಗೆ ಈ ಆದೇಶ ಅನ್ವಯಿಸಲಿಲ್ಲ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು.

ಸ್ತ್ರೀಯ ದೇಹದಲ್ಲಿ ಅಂಡಾಣು ಬಿಡುಗಡೆಯಾಗುವುದು ಯಾವಾಗ ಎಂಬುದು ವೈದ್ಯರಿಗೆ ಸ್ಪಷ್ಟವಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಜಪಾನಿನ ಕ್ಯುಸಾಕು ಓಗಿನೋ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನೌಸ್ 1920ರ ದಶಕದಲ್ಲಿ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡಾಣು ಹೊರಬರುತ್ತದೆ. ಆ ದಿನಗಳನ್ನು ಬಿಟ್ಟರೆ ಉಳಿದವು 'ಸುರಕ್ಷಿತ' ಎಂಬ ಪದ್ಧತಿ ಹುಟ್ಟಿದ್ದು ಇದರಿಂದಲೇ.

ಕೊರಳಿಗೊಂದು ಕ್ಯಾಲೆಂಡರ್

ಸ್ವಾತಂತ್ರ್ಯಾನಂತರ ಕೇಂದ್ರದ ಮೊದಲ ಆರೋಗ್ಯ ಸಚಿವೆಯಾದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ನಿಕಟವರ್ತಿ. ಗಾಂಧೀಜಿ ಕೃತಕ ಸಾಧನಗಳನ್ನು ಒಪ್ಪದೆ ಸಂಯಮವನ್ನೇ ಬೋಧಿಸಿದವರು. ಸಚಿವೆಯೂ ಸಂಯಮಕ್ಕೆ ಹತ್ತಿರವಾದ ದಿನ ಎಣಿಸುವ ಪದ್ಧತಿಯನ್ನೇ ಬಯಸಿದರು. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ 1951ರಲ್ಲಿ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿತು. ಪ್ರಯೋಗಕ್ಕೆ ದೆಹಲಿಯ ಲೋದಿ ಕಾಲೊನಿಯನ್ನೂ ಮೈಸೂರು ರಾಜ್ಯದ ರಾಮನಗರವನ್ನೂ ಆರಿಸಲಾಯಿತು.

ಅಕ್ಷರ ಬಾರದ ಹೆಂಗಸರು ತಾರೀಖು ಬರೆದಿಡುವುದೆಂತು? ಅದಕ್ಕೆ ಸ್ಟೋನ್ ಕಂಡ ಉಪಾಯ ಮಣಿಸರ. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣದ ಮಣಿ ಬಂದರೆ ಗಂಡನಿಂದ ದೂರವಿರಬೇಕು, ಇನ್ನೊಂದು ಬಣ್ಣದ್ದಾದರೆ ಭಯವಿಲ್ಲ.

ತಿಳಿಯುವ ಆಸೆ ಬಹಳ ಮಂದಿಗೆ ಇತ್ತು. ಕೊನೆಯವರೆಗೂ ಪಾಲಿಸಿದವರು ಕೆಲವೇ ಮಂದಿ. ಕತ್ತಲಲ್ಲಿ ಬಣ್ಣ ಕಾಣಲಿಲ್ಲ, ಸರಿಸಲು ಮರೆತುಹೋಯಿತು, ಮಣಿಯನ್ನು ಒಂದೇಟಿಗೆ ಸರಿಸಿದರೆ ಸಾಕೆಂದು ಕೆಲವರು ನಂಬಿದರು ಎಂಬ ಕಥೆಗಳು ಆಮೇಲೆ ಬಹಳ ಓಡಾಡಿದವು. ಕೇಳಿದವರು ಹಳ್ಳಿಯ ಹೆಂಗಸರ ಅಜ್ಞಾನವೆಂದು ನಕ್ಕರು.

ತಪ್ಪು ಯಾರದು?

ನಗುವ ಮೊದಲು ಸ್ವಲ್ಪ ಯೋಚಿಸಬೇಕು. ಮಣಿ ಹೆಂಗಸಿನ ಕೊರಳಲ್ಲಿತ್ತು, ತೀರ್ಮಾನ ಗಂಡನ ಕೈಯಲ್ಲಿತ್ತು. ಕೆಂಪು ಮಣಿ ತೋರಿಸಿ 'ಇಂದು ಬೇಡ' ಎನ್ನುವ ಅಧಿಕಾರ ಎಷ್ಟು ಮನೆಗಳಲ್ಲಿತ್ತು? ಎರಡನೆಯದಾಗಿ, ದೇಹ ಕ್ಯಾಲೆಂಡರಿನ ಮಾತು ಕೇಳುವುದಿಲ್ಲ. ವೀರ್ಯಾಣು ಹೆಂಗಸಿನ ದೇಹದಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲದು; ಅಂಡಾಣುವಿನ ಆಯುಸ್ಸು ಒಂದು ದಿನ. ಹಾಗಾಗಿ ತಿಂಗಳಲ್ಲಿ ಗರ್ಭ ನಿಲ್ಲುವ ಅವಕಾಶ ಸುಮಾರು ಆರು ದಿನ. ಆದರೆ ಆ ಆರು ದಿನ ಯಾವುವು ಎಂಬುದು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹೆರಿಗೆಯಾದ ಮೇಲೆ, ಕಾಯಿಲೆ ಬಿದ್ದಾಗ, ಚಿಂತೆ ಹೆಚ್ಚಾದಾಗ ಲೆಕ್ಕ ತಪ್ಪುವುದೇ ಹೆಚ್ಚು.

ಮಣಿಸರ ಅಲ್ಲಿಗೇ ಮುಗಿಯಲಿಲ್ಲ. 2000ದ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥದೇ ಸರವನ್ನು ಹೊಸದಾಗಿ ರೂಪಿಸಿದರು. ಋತುಚಕ್ರ 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ ಅದು ಹೊಂದುತ್ತದೆ. 8ರಿಂದ 19ನೆಯ ದಿನದವರೆಗೆ ಎಚ್ಚರಿಕೆ ಬೇಕು. ಹನ್ನೆರಡು ದಿನ! ಆರು ದಿನದ ಅಪಾಯಕ್ಕೆ ವಿಜ್ಞಾನವೇ ಇಷ್ಟು ಅಂತರ ಬಿಟ್ಟಿರುವಾಗ, ಬೆರಳೆಣಿಕೆಯನ್ನು ನಂಬಿ ಕುಳಿತುಕೊಳ್ಳುವುದು ಹೇಗೆ?

ಎಣಿಸಬೇಕಾದದ್ದು ಗಂಟೆಗಳನ್ನು

ದಿನ ಎಣಿಸುವುದು ಮೊದಲಿನ ಎಚ್ಚರಿಕೆಗೆ ಮಾತ್ರ. ಆಗಿಹೋದದ್ದಕ್ಕೆ ಅದು ಪರಿಹಾರವಲ್ಲ. 1951ರ ಹೆಂಗಸಿಗೆ ಇಲ್ಲದ ದಾರಿ ಇಂದಿನವರಿಗೆ ಇದೆ. ಲೆವೊನಾರ್ಜೆಸ್ಟ್ರೆಲ್ ಎಂಬ ತುರ್ತು ಗರ್ಭನಿರೋಧಕ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರಲು 2005ರಲ್ಲಿ ಅನುಮತಿ ದೊರೆಯಿತು. 72 ಗಂಟೆಗಳೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅದು ಅಂಡಾಣುವಿನ ಬಿಡುಗಡೆಯನ್ನು ಮುಂದೂಡುತ್ತದೆ. ನಿಂತ ಗರ್ಭವನ್ನು ತೆಗೆಯುವುದಿಲ್ಲ. ಅಂಡಾಣು ಈಗಾಗಲೇ ಹೊರಬಂದಿದ್ದರೆ ಕೆಲಸ ಮಾಡುವುದೂ ಇಲ್ಲ. ಐದು ದಿನಗಳೊಳಗೆ ವೈದ್ಯರು ಅಳವಡಿಸುವ ಕಾಪರ್-ಟಿ ಇದಕ್ಕಿಂತಲೂ ಖಚಿತ. ಮುಟ್ಟು ತಡವಾದರೆ, ಅಥವಾ ಮೂರು ವಾರ ಕಳೆದ ಮೇಲೆ, ಮೂತ್ರ ಪರೀಕ್ಷೆ ಮಾಡಿಸಿದರೆ ಸಂಶಯ ಪರಿಹಾರ. ಗರ್ಭ ನಿಂತಿದ್ದರೂ 1971ರ ಕಾಯಿದೆ, ಅದರ 2021ರ ತಿದ್ದುಪಡಿಯಡಿ ನೋಂದಾಯಿತ ವೈದ್ಯರ ಬಳಿ ಹೋಗಬಹುದು. ಅವಿವಾಹಿತೆಯರಿಗೂ ಆ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ಆದರೂ ಊರಿನ ಮೆಡಿಕಲ್ ಶಾಪಿನಲ್ಲಿ ಗುರುತಿನವರಿದ್ದಾರೆಂದು ಹಿಂದೆಗೆದು, ಬೆರಳು ಮಡಚುತ್ತಾ ಕುಳಿತರೆ ಆ 72 ಗಂಟೆಗಳೂ ಕಳೆದುಹೋಗುತ್ತವೆ. ರಾಮನಗರದ ಹೆಂಗಸರಿಗೆ ಕೊಟ್ಟದ್ದು ಮಣಿ. ಅವರಿಗೆ ಬೇಕಾಗಿದ್ದದ್ದು ಕೇಳಲು ಒಬ್ಬರು, ಹೇಳಲು ಒಬ್ಬರು. ಎಪ್ಪತ್ತು ವರ್ಷ ದಾಟಿದರೂ ನಮ್ಮ ಮನೆಗಳಲ್ಲಿ ಆ ಕೊರತೆ ಇನ್ನೂ ನೀಗಿಲ್ಲ.