ಲೆಕ್ಕಪರಿಶೋಧಕರ ಪತ್ರ ಯಾರಿಗೆ? ನಿಗಮಗಳ ಆಡಳಿತ ಮಂಡಳಿ ಓದಲೇಬೇಕಾದ ಕಡತ

ಬೆಂಗಳೂರು: ಸರ್ಕಾರಿ ನಿಗಮವೊಂದರಲ್ಲಿ ಅವ್ಯವಹಾರ ಬಯಲಾದಾಗಲೆಲ್ಲ ಕೇಳಿಬರುವ ಮೊದಲ ಪ್ರಶ್ನೆ ‘ಲೆಕ್ಕಪರಿಶೋಧಕರು ಏನು ಮಾಡುತ್ತಿದ್ದರು?’ ಎಂಬುದು. ಅಷ್ಟೇ ಮುಖ್ಯವಾದ, ಆದರೆ ಅಪರೂಪಕ್ಕೆ ಮಾತ್ರ ಕೇಳಿಬರುವ ಇನ್ನೊಂದು ಪ್ರಶ್ನೆಯಿದೆ. ಲೆಕ್ಕಪರಿಶೋಧಕರು ಬರೆದು ಕೊಟ್ಟದ್ದನ್ನು ಆಡಳಿತ ಮಂಡಳಿ ಓದಿತ್ತೇ?

ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಪ್ರಕರಣ ರಾಜ್ಯದ ಜನರಿಗೆ ನೆನಪಿರಬಹುದು. ನಿಗಮದ ಲೆಕ್ಕಪತ್ರ ವಿಭಾಗದ ಸಿಬ್ಬಂದಿಯೊಬ್ಬರು 2024ರ ಮೇ ತಿಂಗಳಿನಲ್ಲಿ ಸಾವಿಗೀಡಾದ ಬಳಿಕ, ಸುಮಾರು 187 ಕೋಟಿ ರೂಪಾಯಿ ಅನಧಿಕೃತವಾಗಿ ವರ್ಗಾವಣೆಯಾಗಿದೆ ಎಂಬ ಆರೋಪ ಹೊರಬಂತು. ಖಾತೆಯ ಅಂದಿನ ಸಚಿವರು ಜೂನ್‌ನಲ್ಲಿ ರಾಜೀನಾಮೆ ನೀಡಿದರು. ರಾಜ್ಯದ ವಿಶೇಷ ತನಿಖಾ ತಂಡ, ಸಿಬಿಐ ಹಾಗೂ ಜಾರಿ ನಿರ್ದೇಶನಾಲಯ ತನಿಖೆಗಿಳಿದವು. ತಪ್ಪು ಯಾರದೆಂಬುದನ್ನು ತೀರ್ಮಾನಿಸಬೇಕಾದುದು ನ್ಯಾಯಾಲಯ. ಆದರೆ ನಿಗಮದ ಹೆಸರಿನಲ್ಲಿ ಎಷ್ಟು ಬ್ಯಾಂಕ್ ಖಾತೆಗಳಿವೆ, ಅವುಗಳನ್ನು ತೆರೆಯಲು ಅನುಮತಿ ಕೊಟ್ಟವರು ಯಾರು ಎಂಬ ಸರಳ ಪ್ರಶ್ನೆ ಪ್ರತಿಯೊಂದು ನಿಗಮದ ಮಂಡಳಿ ಸಭೆಯಲ್ಲೂ ಕೇಳಿಬರಬೇಕಾದದ್ದು ಎಂಬುದನ್ನು ಈ ಪ್ರಕರಣ ಎಲ್ಲರಿಗೂ ಮನವರಿಕೆ ಮಾಡಿಕೊಟ್ಟಿತು.

ಇಂತಹ ಪ್ರಶ್ನೆಗಳನ್ನು ಸಮಯಕ್ಕೆ ಸರಿಯಾಗಿ ಮಂಡಳಿಯ ಮೇಜಿಗೆ ತರುವುದೇ ಲೆಕ್ಕಪರಿಶೋಧಕರ ಸಂವಹನದ ಉದ್ದೇಶ. ಕಾನೂನು ಈ ಬಗ್ಗೆ ಏನು ಹೇಳುತ್ತದೆ, ಪತ್ರ ಯಾವ ಹಾದಿಯಲ್ಲಿ ಸಾಗುತ್ತದೆ, ಎಲ್ಲಿ ಸಿಲುಕಿಕೊಳ್ಳುತ್ತದೆ ಎಂಬ ವಿವರ ಇಲ್ಲಿದೆ.

ಮಂಡಳಿ ಬೇರೆ, ಅಧಿಕಾರಿ ವರ್ಗ ಬೇರೆ

ನಿಗಮದ ದೈನಂದಿನ ವ್ಯವಹಾರ ನಡೆಸುವವರು ವ್ಯವಸ್ಥಾಪಕ ನಿರ್ದೇಶಕರು, ಹಣಕಾಸು ಅಧಿಕಾರಿ ಮತ್ತು ಅವರ ಕೈಕೆಳಗಿನ ಸಿಬ್ಬಂದಿ. ಇದು ಆಡಳಿತ ವರ್ಗ. ಇವರ ಕೆಲಸದ ಮೇಲೆ ನಿಗಾ ವಹಿಸಿ, ಸಂಸ್ಥೆಯ ದಿಕ್ಕು ನಿರ್ಧರಿಸಿ, ಲೆಕ್ಕಪತ್ರಗಳಿಗೆ ಅಂತಿಮ ಅನುಮೋದನೆ ನೀಡುವುದು ಅಧ್ಯಕ್ಷರೂ ನಿರ್ದೇಶಕರೂ ಸೇರಿದ ಮಂಡಳಿ. ವ್ಯವಸ್ಥಾಪಕ ನಿರ್ದೇಶಕರು ಎರಡೂ ಕಡೆ ಇರುವುದರಿಂದ ಈ ಭೇದ ಮಸುಕಾಗುವುದುಂಟು.

ಲೆಕ್ಕಪರಿಶೋಧಕರು ದಿನವೂ ವ್ಯವಹರಿಸುವುದು ಅಧಿಕಾರಿ ವರ್ಗದೊಂದಿಗೆ. ಆದರೆ ಅವರ ಮಾತು ಅಲ್ಲಿಗೇ ನಿಲ್ಲುವಂತಿಲ್ಲ. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಹೊರಡಿಸಿರುವ ಲೆಕ್ಕಪರಿಶೋಧನಾ ಮಾನದಂಡ 260, ಆಡಳಿತದ ಹೊಣೆ ಹೊತ್ತವರೊಂದಿಗೆ ಅಂದರೆ ಮಂಡಳಿಯೊಂದಿಗೆ ಪರಿಶೋಧಕರು ಸಂವಹನ ನಡೆಸುವುದು ಕಡ್ಡಾಯ ಎನ್ನುತ್ತದೆ. ಅಧಿಕಾರಿಗಳ ಸಾಮರ್ಥ್ಯ ಅಥವಾ ಪ್ರಾಮಾಣಿಕತೆಯೇ ಪ್ರಶ್ನೆಗೆ ಒಳಗಾಗಿದ್ದಲ್ಲಿ, ವಿಷಯವನ್ನು ಮೊದಲು ಅವರೊಂದಿಗೆ ಚರ್ಚಿಸುವುದು ಸೂಕ್ತವಾಗದು ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಪರಿಶೋಧಕರು ಎಷ್ಟು ಬಗೆ?

ಒಂದು ಸರ್ಕಾರಿ ಸಂಸ್ಥೆಯ ಲೆಕ್ಕವನ್ನು ನೋಡುವವರು ಒಬ್ಬರೇ ಅಲ್ಲ. ಆಂತರಿಕ ಪರಿಶೋಧಕರು ವರ್ಷವಿಡೀ ಬಿಲ್ಲು, ಟೆಂಡರು, ದಾಸ್ತಾನುಗಳನ್ನು ಪರಿಶೀಲಿಸುತ್ತಾರೆ. ಇವರ ನಂತರ ಬರುವವರು ಶಾಸನಬದ್ಧ ಪರಿಶೋಧಕರು. ಸರ್ಕಾರದ ಪಾಲು ಶೇ 51ಕ್ಕಿಂತ ಕಡಿಮೆಯಿಲ್ಲದ ಕಂಪನಿಯಲ್ಲಿ ಈ ಚಾರ್ಟರ್ಡ್ ಅಕೌಂಟೆಂಟ್‌ರನ್ನು ನೇಮಿಸುವವರು ಆ ಕಂಪನಿಯವರಲ್ಲ. ಭಾರತದ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು, ಅಂದರೆ ಸಿಎಜಿ. 2013ರ ಕಂಪನಿ ಕಾಯ್ದೆಯ 139ನೇ ಕಲಮಿನಂತೆ, ಹಣಕಾಸು ವರ್ಷ ಆರಂಭವಾದ 180 ದಿನಗಳೊಳಗೆ ಈ ನೇಮಕ ಆಗಬೇಕು. ಬೆಸ್ಕಾಂ, ಕೆಪಿಟಿಸಿಎಲ್‌ನಂತಹ ವಿದ್ಯುತ್ ಕಂಪನಿಗಳು ಈ ವರ್ಗಕ್ಕೆ ಸೇರಿವೆ.

ಮೂರನೆಯವರು ಸ್ವತಃ ಸಿಎಜಿ. ಶಾಸನಬದ್ಧ ಪರಿಶೋಧಕರ ವರದಿ ಕೈಸೇರಿದ 60 ದಿನಗಳೊಳಗೆ ಪೂರಕ ಪರಿಶೋಧನೆ ನಡೆಸಿ ಟಿಪ್ಪಣಿ ಸೇರಿಸುವ ಹಕ್ಕು ಅವರಿಗಿದೆ. ಆ ಟಿಪ್ಪಣಿಯನ್ನು ಪರಿಶೋಧಕರ ವರದಿಯ ಜೊತೆಗೇ ವಾರ್ಷಿಕ ಸರ್ವಸದಸ್ಯರ ಸಭೆಯ ಮುಂದಿಡಬೇಕು.

ರಸ್ತೆ ಸಾರಿಗೆ ನಿಗಮಗಳ ವ್ಯವಸ್ಥೆ ಇದಕ್ಕಿಂತ ಭಿನ್ನ. ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಮುಂತಾದವು ಕಂಪನಿಗಳಲ್ಲ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ಸ್ಥಾಪನೆಯಾದ ನಿಗಮಗಳು. ಈ ಕಾಯ್ದೆಯ 33ನೇ ಕಲಮಿನ ಪ್ರಕಾರ ಅವುಗಳ ಲೆಕ್ಕ ಪರಿಶೋಧಿಸುವವರು ನೇರವಾಗಿ ಸಿಎಜಿಯೇ.

ಪತ್ರದಲ್ಲಿ ಏನಿರುತ್ತದೆ?

ಲೆಕ್ಕಪರಿಶೋಧನೆ ಎಂದರೆ ವರ್ಷದ ಕೊನೆಯಲ್ಲಿ ಬರುವ ಒಂದು ಪುಟದ ಪ್ರಮಾಣಪತ್ರ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಸಂವಹನ ಆರಂಭವಾಗಬೇಕಾದುದು ಕೆಲಸ ಶುರುವಾಗುವ ಮುನ್ನವೇ. ಯಾವ ವಿಭಾಗಗಳನ್ನು ಪರಿಶೀಲಿಸಲಾಗುವುದು, ಯಾವಾಗ, ಅಪಾಯದ ಅಂಶಗಳು ಯಾವುವು ಎಂಬುದನ್ನು ಪರಿಶೋಧಕರು ಮಂಡಳಿಗೆ ತಿಳಿಸಬೇಕು.

ಕೆಲಸ ಮುಗಿಯುತ್ತಾ ಬಂದಂತೆ ಇನ್ನೂ ಗಂಭೀರ ವಿಷಯಗಳು ಬರುತ್ತವೆ. ಲೆಕ್ಕ ಬರೆಯುವ ಪದ್ಧತಿ ಸೂಕ್ತವಾಗಿದೆಯೇ, ಬಾಕಿ ವಸೂಲಾಗುತ್ತದೆಂಬ ಅಂದಾಜು ನಂಬಲರ್ಹವೇ, ದಾಖಲೆ ಒದಗಿಸಲು ಸಿಬ್ಬಂದಿ ವಿಳಂಬ ಮಾಡಿದರೇ, ಅಧಿಕಾರಿಗಳೊಂದಿಗೆ ಯಾವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂತು ಎಂಬವು ಅವುಗಳಲ್ಲಿ ಮುಖ್ಯ. ಆಂತರಿಕ ನಿಯಂತ್ರಣದಲ್ಲಿ ಗಂಭೀರ ಲೋಪ ಕಂಡರೆ ಅದನ್ನು ಲಿಖಿತವಾಗಿಯೇ ತಿಳಿಸಬೇಕೆಂದು ಮಾನದಂಡ 265 ವಿಧಿಸುತ್ತದೆ. ಚೆಕ್ಕಿಗೆ ಸಹಿ ಹಾಕುವವರೇ ಬ್ಯಾಂಕ್ ಲೆಕ್ಕವನ್ನೂ ತಾಳೆ ನೋಡುತ್ತಿದ್ದರೆ ಅದು ಇಂತಹ ಲೋಪಕ್ಕೆ ಉದಾಹರಣೆ.

ಸಂವಹನ ಏಕಮುಖವಾಗಿರಬಾರದು ಎಂಬುದೂ ಇಲ್ಲಿ ಗಮನಾರ್ಹ. ಮಂಡಳಿಗೆ ತಿಳಿದಿರುವ ದೂರು, ಅನುಮಾನ, ಬಾಕಿ ಮೊಕದ್ದಮೆಗಳ ವಿವರವನ್ನು ಪರಿಶೋಧಕರಿಗೆ ನೀಡುವುದು ಮಂಡಳಿಯ ಕರ್ತವ್ಯ. ಮಂಡಳಿ ಸ್ಪಂದಿಸದೇ ಹೋದಲ್ಲಿ, ಅದರಿಂದ ತಮ್ಮ ಕೆಲಸಕ್ಕೆ ಎಷ್ಟು ಬಾಧಕವಾಗಿದೆ ಎಂಬುದನ್ನು ಪರಿಶೋಧಕರು ಅಳೆಯಬೇಕು. ಅಗತ್ಯ ಬಿದ್ದರೆ ತಮ್ಮ ಅಭಿಪ್ರಾಯವನ್ನೇ ಷರತ್ತುಬದ್ಧಗೊಳಿಸಬಹುದು.

ನಿಗದಿತ ಗಾತ್ರ ಮೀರಿದ ಸಾರ್ವಜನಿಕ ಕಂಪನಿಗಳಲ್ಲಿ ಈ ಮಾತುಕತೆಗೆಂದೇ ಲೆಕ್ಕಪರಿಶೋಧನಾ ಸಮಿತಿ ಇರಬೇಕು. ಕನಿಷ್ಠ ಮೂವರು ನಿರ್ದೇಶಕರ ಈ ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರೇ ಬಹುಮತದಲ್ಲಿರಬೇಕೆಂಬುದು 177ನೇ ಕಲಮಿನ ಸಾಮಾನ್ಯ ನಿಯಮ. ಪರಿಶೋಧಕರ ವರದಿ ಚರ್ಚೆಗೆ ಬಂದಾಗ ಸಭೆಯಲ್ಲಿ ಮಾತನಾಡುವ ಹಕ್ಕು ಪರಿಶೋಧಕರಿಗಿದೆ, ಮತದಾನದ ಹಕ್ಕಿಲ್ಲ.

ವಂಚನೆ ಕಂಡರೆ ಎರಡು ದಿನಗಳ ಗಡುವು

ಅಧಿಕಾರಿಗಳಿಂದ ಅಥವಾ ನೌಕರರಿಂದ ಕಂಪನಿಗೆ ವಂಚನೆಯಾಗಿದೆ ಎಂದು ನಂಬಲು ಶಾಸನಬದ್ಧ ಪರಿಶೋಧಕರಿಗೆ ಕಾರಣವಿದ್ದರೆ ನಿಯಮ ಇನ್ನೂ ಬಿಗಿಯಾಗುತ್ತದೆ. ವಿಷಯ ತಿಳಿದ ಎರಡು ದಿನಗಳೊಳಗೆ ಮಂಡಳಿಗೆ ಅಥವಾ ಲೆಕ್ಕಪರಿಶೋಧನಾ ಸಮಿತಿಗೆ ವರದಿ ಮಾಡಬೇಕು. ಮೊತ್ತ ಒಂದು ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ 45 ದಿನಗಳೊಳಗೆ ಉತ್ತರ ಕೇಳಿ, ಉತ್ತರ ಬಂದ 15 ದಿನಗಳಲ್ಲಿ ಅದನ್ನೂ ಸೇರಿಸಿ ಕೇಂದ್ರ ಸರ್ಕಾರಕ್ಕೆ ಕಳುಹಿಸಬೇಕು. ಉತ್ತರ ಬಾರದಿದ್ದರೆ, ಬಂದಿಲ್ಲವೆಂಬ ಷರಾ ಬರೆದು ಕಳುಹಿಸಬೇಕು. ಮಂಡಳಿಯ ಮೌನ ವರದಿಯನ್ನು ತಡೆಯಲಾರದು.

ಮೊತ್ತ ಒಂದು ಕೋಟಿಗಿಂತ ಕಡಿಮೆಯಿದ್ದರೂ ವಿಷಯ ಮಂಡಳಿಯೊಳಗೇ ಮುಗಿದುಹೋಗುವುದಿಲ್ಲ. ಅದರ ವಿವರವನ್ನು ಮಂಡಳಿಯ ವಾರ್ಷಿಕ ವರದಿಯಲ್ಲಿ ಪ್ರಕಟಿಸಬೇಕು.

ಟಿಪ್ಪಣಿಯಿಂದ ವಿಧಾನಮಂಡಲದವರೆಗೆ

ಸಿಎಜಿ ಪರವಾಗಿ ರಾಜ್ಯದಲ್ಲಿ ಕೆಲಸ ಮಾಡುವುದು ಪ್ರಧಾನ ಮಹಾಲೇಖಪಾಲರ ಕಚೇರಿ. ಅದರ ತಂಡ ನಿಗಮಕ್ಕೆ ಭೇಟಿ ನೀಡಿದಾಗ ಆರಂಭದಲ್ಲಿ ಒಂದು ಸಭೆ, ಕೊನೆಯಲ್ಲಿ ಒಂದು ಸಭೆ ನಡೆಯುತ್ತದೆ. ನಡುವೆ ಎದ್ದ ಪ್ರತಿಯೊಂದು ಅನುಮಾನವೂ ಲಿಖಿತ ವಿಚಾರಣಾ ಟಿಪ್ಪಣಿಯಾಗುತ್ತದೆ. ಸ್ಥಳದಲ್ಲೇ ಇತ್ಯರ್ಥವಾಗದೆ ಉಳಿದ ಅಂಶಗಳು ಪರಿವೀಕ್ಷಣಾ ವರದಿಯ ಕಂಡಿಕೆಗಳಾಗುತ್ತವೆ. ಇದಕ್ಕೆ ನಾಲ್ಕು ವಾರಗಳೊಳಗೆ ಮೊದಲ ಉತ್ತರ ಕೊಡಬೇಕೆಂಬುದು ನಿಯಮ.

ಗಂಭೀರವಾದವು ಕರಡು ಕಂಡಿಕೆಗಳಾಗಿ ಇಲಾಖೆಯ ಕಾರ್ಯದರ್ಶಿಗೆ ಹೋಗುತ್ತವೆ. ಅಲ್ಲಿಯೂ ಸಮಾಧಾನಕರ ಉತ್ತರ ದೊರೆಯದಿದ್ದಲ್ಲಿ ಸಿಎಜಿ ವರದಿ ಸೇರುತ್ತವೆ. ಈ ವರದಿ ರಾಜ್ಯಪಾಲರ ಅಥವಾ ಸರ್ಕಾರದ ಮೂಲಕ ವಿಧಾನಮಂಡಲದಲ್ಲಿ ಮಂಡನೆಯಾಗಿ, ಸಾರ್ವಜನಿಕ ಉದ್ದಿಮೆಗಳಿಗೆ ಸಂಬಂಧಿಸಿದ ಭಾಗ ಸದನದ ಸಾರ್ವಜನಿಕ ಉದ್ದಿಮೆಗಳ ಸಮಿತಿಯ ಮುಂದೆ ಬರುತ್ತದೆ.

ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಈ ಕೊನೆಯ ಹಂತ. ಅಷ್ಟರಲ್ಲಿ ಘಟನೆ ನಡೆದು ವರ್ಷಗಳೇ ಉರುಳಿರುತ್ತವೆ. ಹಣ ಕೈಬಿಟ್ಟ ಮೇಲೆ ಬರುವ ವರದಿ, ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ವಿಚಾರಣಾ ಟಿಪ್ಪಣಿಯ ಹಂತದಲ್ಲೇ ಮಂಡಳಿ ಎಚ್ಚೆತ್ತರೆ ಹಣವನ್ನು ಉಳಿಸಿಕೊಳ್ಳಲು ಅವಕಾಶವಿದೆ.

ಪತ್ರ ಸಿಲುಕುವುದೆಲ್ಲಿ?

ನಿಯಮಗಳಿಗೆ ಕೊರತೆಯಿಲ್ಲ. ಆದರೆ ಪರಿಶೋಧಕರ ಪತ್ರ ಬಂದು ಬೀಳುವುದು ಸಾಮಾನ್ಯವಾಗಿ ಹಣಕಾಸು ವಿಭಾಗದ ಆವಕ ಪುಸ್ತಕಕ್ಕೆ. ಅದಕ್ಕೆ ಉತ್ತರ ಬರೆಯುವುದೂ ಅದೇ ವಿಭಾಗ. ಮಂಡಳಿಯ ಕಾರ್ಯಸೂಚಿಗೆ ಬರುವ ಹೊತ್ತಿಗೆ ಹತ್ತಾರು ಪುಟಗಳ ಆಕ್ಷೇಪಣೆ ‘ಲೆಕ್ಕಪರಿಶೋಧನಾ ಕಂಡಿಕೆಗಳಿಗೆ ಅನುಪಾಲನೆ ಸಲ್ಲಿಸಲಾಗಿದೆ’ ಎಂಬ ಒಂದೇ ಸಾಲಾಗಿ ಕುಗ್ಗಿರಬಹುದು. ನಿರ್ದೇಶಕರು ಮೂಲ ಪತ್ರವನ್ನು ಕೇಳದಿದ್ದರೆ ಅದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯ ತೊಡಕು ವಿಳಂಬ. ಹಲವು ಸಾರ್ವಜನಿಕ ಉದ್ದಿಮೆಗಳು ವರ್ಷಗಟ್ಟಲೆ ಲೆಕ್ಕಪತ್ರ ಅಂತಿಮಗೊಳಿಸದೆ ಬಾಕಿ ಉಳಿಸಿಕೊಂಡಿರುವುದನ್ನು ಸಿಎಜಿ ತಮ್ಮ ವರದಿಗಳಲ್ಲಿ ಪದೇ ಪದೇ ಎತ್ತಿ ತೋರಿದ್ದಾರೆ. ಈ ನಡುವೆ ಅಧಿಕಾರಿಗಳ ವರ್ಗಾವಣೆಯಾಗುತ್ತದೆ, ಸರ್ಕಾರ ಬದಲಾದರೆ ಅಧ್ಯಕ್ಷರೂ ಬದಲಾಗುತ್ತಾರೆ. ಆಕ್ಷೇಪಣೆ ಬಂದಾಗ ಉತ್ತರಿಸಬೇಕಾದವರು ಆ ಕುರ್ಚಿಯಲ್ಲಿರುವುದಿಲ್ಲ, ಕುರ್ಚಿಯಲ್ಲಿರುವವರಿಗೆ ವಿಷಯ ಗೊತ್ತಿರುವುದಿಲ್ಲ.

ಮೂರನೆಯದು, ‘ಅದು ಅಧಿಕಾರಿಗಳ ಕೆಲಸ’ ಎಂಬ ಮನೋಭಾವ. ಅಧ್ಯಕ್ಷ ಸ್ಥಾನಗಳಿಗೆ ಶಾಸಕರನ್ನೂ ಪಕ್ಷದ ಮುಖಂಡರನ್ನೂ ನೇಮಿಸುವುದು ರಾಜ್ಯದಲ್ಲಿ ಎಲ್ಲ ಪಕ್ಷಗಳ ಸರ್ಕಾರಗಳೂ ನಡೆಸಿಕೊಂಡು ಬಂದಿರುವ ರೂಢಿ. ಗೌರವ ಸ್ಥಾನವೆಂದು ಭಾವಿಸಿ ಕುಳಿತವರಿಗೂ ಕಾನೂನು ವಿನಾಯಿತಿ ಕೊಟ್ಟಿಲ್ಲ. ಪರಿಶೋಧಕರ ಪ್ರತಿಯೊಂದು ಷರತ್ತು ಹಾಗೂ ಪ್ರತಿಕೂಲ ಅಭಿಪ್ರಾಯಕ್ಕೆ ಮಂಡಳಿ ತನ್ನ ವರದಿಯಲ್ಲಿ ವಿವರಣೆ ನೀಡಲೇಬೇಕೆಂದು ಕಂಪನಿ ಕಾಯ್ದೆಯ 134ನೇ ಕಲಮು ಹೇಳುತ್ತದೆ.

ನಿರ್ದೇಶಕರು ಕೇಳಬೇಕಾದ ಐದು ಪ್ರಶ್ನೆಗಳು

* ಪರಿಶೋಧಕರ ಮೂಲ ಪತ್ರ ಎಲ್ಲಿದೆ? ಸಾರಾಂಶವಲ್ಲ, ಪೂರ್ಣ ಪ್ರತಿ ಬೇಕು.

* ಸಂಸ್ಥೆಯ ಹೆಸರಿನಲ್ಲಿರುವ ಎಲ್ಲ ಬ್ಯಾಂಕ್ ಖಾತೆಗಳ ಪಟ್ಟಿ ಇದೆಯೇ? ಬಾಕಿ ಮೊತ್ತವನ್ನು ಬ್ಯಾಂಕುಗಳು ಪರಿಶೋಧಕರಿಗೆ ನೇರವಾಗಿ ದೃಢಪಡಿಸಿವೆಯೇ?

* ಕಳೆದ ವರ್ಷದ ಆಕ್ಷೇಪಣೆಗಳಲ್ಲಿ ಈ ವರ್ಷವೂ ಮರುಕಳಿಸಿದವು ಯಾವುವು?

* ಕೇಳಿದ ದಾಖಲೆಗಳೆಲ್ಲವೂ ಪರಿಶೋಧಕರಿಗೆ ದೊರೆತಿವೆಯೇ?

* ಅಧಿಕಾರಿಗಳ ಅನುಪಸ್ಥಿತಿಯಲ್ಲಿ ತಿಳಿಸಬೇಕಾದ ವಿಷಯವೇನಾದರೂ ಇದೆಯೇ?

ಐದನೆಯ ಪ್ರಶ್ನೆ ಕೇಳಬೇಕಾದರೆ ಕೆಲ ನಿಮಿಷಗಳ ಮಟ್ಟಿಗೆ ಅಧಿಕಾರಿಗಳನ್ನು ಸಭೆಯಿಂದ ಹೊರಗಿಡಬೇಕಾಗುತ್ತದೆ. ಇದು ಅವಿಶ್ವಾಸದ ಸೂಚನೆಯಲ್ಲ. ಪ್ರತಿ ವರ್ಷ ತಪ್ಪದೆ ನಡೆಸಿದರೆ ಯಾರೂ ಅನ್ಯಥಾ ಭಾವಿಸುವ ಪ್ರಮೇಯ ಬಾರದು. ಸಮಸ್ಯೆ ಎದುರಾದಾಗ ಮಾತ್ರ ನಡೆಸಿದರೆ ಅದೇ ಸುದ್ದಿಯಾಗುತ್ತದೆ.

ನಾಗರಿಕರಿಗೆ ತಿಳಿಯುವ ಬಗೆ

ಸದನದಲ್ಲಿ ಮಂಡನೆಯಾದ ಸಿಎಜಿ ವರದಿಗಳು ಅವರ ಜಾಲತಾಣದಲ್ಲಿ ಉಚಿತವಾಗಿ ಲಭ್ಯ. ಸರ್ಕಾರಿ ಕಂಪನಿಗಳ ವಾರ್ಷಿಕ ವರದಿಯನ್ನು ಪರಿಶೋಧಕರ ವರದಿ ಮತ್ತು ಸಿಎಜಿ ಟಿಪ್ಪಣಿ ಸಮೇತ ವಿಧಾನಮಂಡಲದ ಮುಂದಿಡಬೇಕು. ಮಂಡಳಿ ಸಭೆಯ ನಡಾವಳಿ, ಪರಿವೀಕ್ಷಣಾ ವರದಿಗೆ ನೀಡಿದ ಉತ್ತರಗಳನ್ನು ಕೋರಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಬಹುದು. ಸದನದ ಹಕ್ಕುಚ್ಯುತಿಗೆ ಕಾರಣವಾಗುವ ಮಾಹಿತಿಗೆ ಕಾಯ್ದೆಯ 8ನೇ ಕಲಮು ವಿನಾಯಿತಿ ನೀಡುವುದರಿಂದ, ಮಂಡನೆಗೆ ಮುನ್ನ ಸಿಎಜಿಯ ಕರಡು ವರದಿ ಕೈಗೆ ಸಿಗುವ ನಿರೀಕ್ಷೆ ಬೇಡ.

ವಾರ್ಷಿಕ ವರದಿ ಕೈಗೆ ಬಂದಾಗ ಅಧ್ಯಕ್ಷರ ಭಾವಚಿತ್ರದ ಪುಟವನ್ನು ದಾಟಿ ಪರಿಶೋಧಕರ ಅಭಿಪ್ರಾಯ ಹಾಗೂ ಅದಕ್ಕೆ ಮಂಡಳಿ ಕೊಟ್ಟ ಉತ್ತರವನ್ನು ಅಕ್ಕಪಕ್ಕ ಇಟ್ಟು ಓದುವುದು ಒಳಿತು. ‘ಗಮನಿಸಲಾಗಿದೆ’ ಎಂಬ ಉತ್ತರ ಎರಡು ಮೂರು ವರ್ಷ ಸತತವಾಗಿ ಕಂಡುಬಂದರೆ, ಪತ್ರ ಬಂದಿದೆ, ಆದರೆ ಓದಿದವರಿಲ್ಲ ಎಂದೇ ಅರ್ಥ. ವಿದ್ಯಾರ್ಥಿ ವೇತನವಾಗಲಿ, ಕೊಳವೆಬಾವಿಯ ಸಹಾಯಧನವಾಗಲಿ, ಬಸ್ಸಿನ ಟಿಕೆಟ್ ದರವಾಗಲಿ, ಆ ನಿರ್ಲಕ್ಷ್ಯದ ಬೆಲೆ ತೆರುವವರು ಕೊನೆಗೆ ಜನರೇ.