ಅಗೋಚರ ಕಿರಣದ ಅನ್ವೇಷಣೆ

ಶತ್ರುವಿನ ರೇಡಿಯೋ ಸಂಕೇತವನ್ನು ಹಿಡಿಯಹೊರಟವನಿಗೆ ಅದು ಯಾವ ಕಂಪನಾಂಕದಲ್ಲಿ ಹರಿಯುವುದೆಂಬುದು ಮುಂಚಿತವಾಗಿ ತಿಳಿದಿರುವುದಿಲ್ಲವಾದುದರಿಂದ, ಅವನ ಗ್ರಾಹಕವು ಅತಿ ವಿಶಾಲವಾದ ಶ್ರೇಣಿಯನ್ನೆಲ್ಲ ಅರಸಬಲ್ಲುದಾಗಿರಬೇಕು. 1940ರ ಬೇಸಗೆಯಲ್ಲಿ, ಜರ್ಮನ್ ಬಾಂಬರುಗಳನ್ನು ಇರುಳಿನಲ್ಲಿ ಇಂಗ್ಲೆಂಡಿನ ಗುರಿಗಳೆಡೆಗೆ ನಡೆಯಿಸುವ ರೇಡಿಯೋ ಕಿರಣವೊಂದುಂಟೆಂದು ಇಪ್ಪತ್ತೆಂಟರ ತರುಣ ವಿಜ್ಞಾನಿ ಆರ್. ವಿ. ಜೋನ್ಸ್ ವಾದಿಸಿದಾಗ, ಅವರಿಗೆ ಬೆಂಬಲವಾಗಿ ನಿಂತುದೂ ಒಂದು ಗ್ರಾಹಕವೇ: ಉರುಳಿಬಿದ್ದ ಜರ್ಮನ್ ವಿಮಾನದಲ್ಲಿ ದೊರೆತ, ಮಂಜಿನಲ್ಲಿ ನೆಲಕ್ಕಿಳಿಯುವುದಕ್ಕೆಂದೇ ಇಟ್ಟಂತೆ ತೋರುತ್ತಿದ್ದ ಆ ಯಂತ್ರದ ಸೂಕ್ಷ್ಮತೆಯು ಆ ಕಾರ್ಯಕ್ಕೆ ಬೇಕಾದುದಕ್ಕಿಂತ ಬಹಳ ಮಿಗಿಲಾಗಿದ್ದಿತು.

ಹುಡುಕಾಟಕ್ಕೆ ಒದಗಿದುದು ಸೈನ್ಯದ ಯಂತ್ರವಲ್ಲ. ಷಿಕಾಗೋ ನಗರದ ಹ್ಯಾಲಿಕ್ರ್ಯಾಫ್ಟರ್ಸ್ ಸಂಸ್ಥೆಯು ತಯಾರಿಸಿದ್ದ, ರೇಡಿಯೋ ಹವ್ಯಾಸಿಗಳ ಮೆಚ್ಚಿನ ಎಸ್-27. ಸಾಮಾನ್ಯ ವಾಲ್ವುಗಳು ಸೋತುಹೋಗುವ ಉನ್ನತ ಕಂಪನಾಂಕಗಳಲ್ಲಿಯೂ ದುಡಿಯಬಲ್ಲ, ಓಕ್ ಮರದ ಕಾಯಿಯಷ್ಟೇ ಗಾತ್ರದ ವಾಲ್ವುಗಳನ್ನು ಅಳವಡಿಸಿ, 27ರಿಂದ 143 ಮೆಗಾಸೈಕಲ್‌ಗಳವರೆಗಿನ ಹರವನ್ನು ಮೂರೇ ಬ್ಯಾಂಡುಗಳಲ್ಲಿ ಅಡಕಗೊಳಿಸಿದ ಆ ರಚನಾಕೌಶಲವನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಜೂನ್ 21ರ ರಾತ್ರಿ ಅದನ್ನು ಹೊತ್ತು ಹಾರಿದ ಆನ್ಸನ್ ವಿಮಾನಕ್ಕೆ ಸ್ಪಾಲ್ಡಿಂಗ್ ಊರಿನ ತುಸು ದಕ್ಷಿಣದಲ್ಲಿ, 31.5 ಮೆಗಾಸೈಕಲ್‌ನಲ್ಲಿ, ಸುಮಾರು ನಾನೂರೈನೂರು ಗಜ ಅಗಲದ ಕಿರಣವು ಸಿಕ್ಕಿತು: ದಕ್ಷಿಣದ ಅಂಚಿನಲ್ಲಿ ಚುಕ್ಕೆಗಳು, ಉತ್ತರದಲ್ಲಿ ಗೆರೆಗಳು, ನಡುವೆ ಅಖಂಡವಾದ ನಾದ. ಅದನ್ನು ಕೆಡಿಸುವುದಕ್ಕೆ ಮೊದಮೊದಲು ಬಳಸಿದ ಸಾಧನಗಳಲ್ಲಿ ಆಸ್ಪತ್ರೆಗಳ ವಿದ್ಯುಚ್ಚಿಕಿತ್ಸಾ ಯಂತ್ರಗಳೂ ಸೇರಿದ್ದವು.